ಆರು ಮೊಳದ ಸಾಲು

ಬೆಟ್ಟದ ಕೆಳಗೆ ಒಂದು ಊರಿತ್ತು. ಅದಕ್ಕೆ ಹೆಸರೂ ಇತ್ತು, ಆದರೆ ಹೆಸರಿನಿಂದ ನಮಗೆ ಆಗಬೇಕಾದ್ದೇನೂ ಇಲ್ಲ. ಕಟ್ಟಳೆ ತಿಳಿದರೆ ಸಾಕು. ಕಟ್ಟಳೆ ಒಂದೇ: ಪದ್ಯದಲ್ಲಿ ಇಲ್ಲದ್ದು ಬೆಟ್ಟ ಹತ್ತುವಂತಿಲ್ಲ.

ಬೆಟ್ಟದ ನೆತ್ತಿಯಲ್ಲಿ ಊರಿನ ಪಡೆ ಕೂತಿತ್ತು. ನೆತ್ತಿಯ ಆಚೆ ಮಗ್ಗುಲಲ್ಲಿ ಇನ್ನೊಂದು ಊರಿನ ಪಡೆ. ಯಾವಾಗಿನಿಂದ ಎಂದು ಯಾರಾದರೂ ಕೇಳಿದರೆ, ಬೆಟ್ಟ ಯಾವಾಗಿನಿಂದ ಇದೆ ಎಂದು ಕೇಳಿದವನನ್ನು ನೋಡುವ ಹಾಗೆ ಜನ ಅವನನ್ನು ನೋಡುತ್ತಿದ್ದರು. ಪ್ರತಿ ಹುಣ್ಣಿಮೆಯ ಬೆಳಗ್ಗೆ ಉಗ್ರಾಣದ ಮುಂದಿನ ಬಯಲಿನಲ್ಲಿ ಊರು ಸೇರುತ್ತಿತ್ತು. ಕವಿ ಕಟ್ಟೆ ಹತ್ತಿ ವೀರರ ಪದ್ಯ ಹಾಡುತ್ತಿದ್ದ. ಕಟ್ಟೆಯ ಕೆಳಗೆ ಉಗ್ರಾಣಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಪದ್ಯದಲ್ಲಿ ಕತ್ತಿ ಬಂದರೆ ಆಳುಗಳು ಬಂಡಿಗೆ ಕತ್ತಿ ಹೇರುತ್ತಿದ್ದರು. ಬಾವುಟ ಬಂದರೆ ಬಾವುಟ. ಶಂಖ ಬಂದರೆ ಶಂಖ. ಹೂಮಾಲೆ, ಗಂಧ, ಕರ್ಪೂರ. ‘ತಾಯಿಯಿಟ್ಟ ಕೈತುತ್ತು’ ಎಂಬ ಮಾತು ಯಾವ ಕಾಲದಿಂದಲೋ ಪದ್ಯದಲ್ಲಿ ಉಳಿದುಕೊಂಡಿದ್ದರಿಂದ ಜೋಳದ ಹಿಟ್ಟು ಹೋಗುತ್ತಿತ್ತು. ‘ಹುಲ್ಲಿನ ಮೇಲೆ ಮಲಗಿದ ಹುಲಿ’ ಎಂದಿದ್ದರಿಂದ ಒಣಹುಲ್ಲಿನ ಹೊರೆಗಳು ಹೋಗುತ್ತಿದ್ದವು. ‘ವೀರನ ಪಾದ ನೆಲ ಮುಟ್ಟದು’ ಎಂದೂ ಒಂದು ಸಾಲಿತ್ತು. ನೆಲ ಮುಟ್ಟದ ಪಾದಕ್ಕೆ ಚಪ್ಪಲಿ ಯಾಕೆ? ಹಾಗಾಗಿ ಹೊಸದಾಗಿ ಪಡೆ ಸೇರುವವರು ಬೆಟ್ಟದ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕತ್ತಿಯ ಬಾಯಿಯಂಥ ಕಲ್ಲುಗಳ ಮೇಲೆ ಬರಿಗಾಲಲ್ಲಿ ಹತ್ತುತ್ತಿದ್ದರು. ಇಳಿಯುವುದರ ಬಗ್ಗೆ ಕಟ್ಟಳೆ ಏನನ್ನೂ ಹೇಳಿರಲಿಲ್ಲ. ಹೇಳುವ ಪ್ರಮೇಯ ಬಂದಿರಲಿಲ್ಲ.

ಇಳಿಯುತ್ತಿದ್ದದ್ದು ಕತ್ತಿಗಳು ಮಾತ್ರ. ಬಂಡಿ ಹೋಗುವುದು ಬೆಟ್ಟದ ಸೊಂಟದವರೆಗೆ. ಅಲ್ಲಿಂದ ಮೇಲಿನವರು ಹಗ್ಗ ಬಿಟ್ಟು, ಸಣ್ಣ ಬುಟ್ಟಿಯಲ್ಲಿ ಸರಕು ಎಳೆದುಕೊಳ್ಳುತ್ತಾರೆ. ಅದೇ ಬುಟ್ಟಿಯಲ್ಲಿ ಸತ್ತವರ ಕತ್ತಿಗಳು ಕೆಂಪು ಬಟ್ಟೆ ಸುತ್ತಿಕೊಂಡು ಇಳಿಯುತ್ತವೆ, ಅಮಾವಾಸ್ಯೆಯ ದಿನ ಊರು ಸೇರುತ್ತವೆ. ಹದಿನೈದು ದಿನ ಮನೆಯಲ್ಲಿದ್ದು, ಹುಣ್ಣಿಮೆಗೆ ಉಗ್ರಾಣದ ಗೋಡೆ ಏರುತ್ತವೆ. ಕತ್ತಿ ಬಂದ ಮನೆಗೆ ಒಂದು ಸಾಲಿನ ಹಕ್ಕು. ಆ ಮನೆಯವರು ಪದ್ಯಕ್ಕೆ ತಮ್ಮದೊಂದು ಸಾಲು ಸೇರಿಸಬಹುದು. ಸೇರಿಸಿದ್ದು ಪದ್ಯದಲ್ಲಿ ಉಳಿಯುತ್ತದೆ, ಕತ್ತಿಯ ಕೆಳಗೆ ಕಲ್ಲಿನಲ್ಲೂ ಉಳಿಯುತ್ತದೆ. ಆದರೆ ದುಃಖ ಕಟ್ಟಿದ ಗಂಟಲಿಗೆ ಸಾಲು ಎಲ್ಲಿಂದ ಬರಬೇಕು? “ನೀವೇ ಚೆನ್ನಾಗಿ ಹೇಳಿ ಸ್ವಾಮಿ” ಎಂದು ಎಲ್ಲರೂ ಕವಿಗೇ ಬಿಟ್ಟುಕೊಡುತ್ತಿದ್ದರು. ಕವಿ ಚೆನ್ನಾಗಿಯೇ ಹೇಳುತ್ತಿದ್ದ. ಗೋಡೆಯ ತುಂಬ ಸಿಂಹ, ಸಿಡಿಲು, ಪರ್ವತ.

ಹುಚ್ಚು ಕಟ್ಟಳೆ ಅನ್ನಬೇಡಿ. ಆ ಊರಿನ ಕಂಬಳಿ ವ್ಯಾಪಾರಿ ಅದನ್ನು ಹುಚ್ಚು ಎಂದವನಲ್ಲ. ಹಿಂದೆ ಯಾವನೋ ಕಳ್ಳ ಉಗ್ರಾಣಿ ಹಿಟ್ಟಿನ ಚೀಲಕ್ಕೆ ಬೂದಿ ತುಂಬಿ ಕಳಿಸಿದ್ದನಂತೆ. ಆಗ ಹಿರಿಯರು, ಹೋಗುವುದೆಲ್ಲ ಊರ ಮುಂದೆ ಗಟ್ಟಿಯಾಗಿ ಹಾಡಿಸಿಕೊಂಡು ಹೋಗಲಿ, ಒಂದು ಹೆಚ್ಚೂ ಬೇಡ ಒಂದು ಕಡಿಮೆಯೂ ಬೇಡ ಎಂದು ಕಟ್ಟು ಮಾಡಿದರು. ತಿಳಿದವರು ಮಾಡಿದ ಕಟ್ಟು. ಮೊದಲ ಪದ್ಯ ಬರೀ ಸಾಮಾನಿನ ಪಟ್ಟಿಯಾಗಿದ್ದಿರಬೇಕು ಎಂದು ವ್ಯಾಪಾರಿಯ ಊಹೆ. ಆಮೇಲೆ ಬಂದ ಕವಿಗಳು ಒಬ್ಬೊಬ್ಬರೂ ಕಿವಿಗೆ ಒರಟಾದ ಒಂದೊಂದು ಸಾಮಾನು ಇಳಿಸುತ್ತ ಬಂದರು. ಉಪ್ಪು ಹೋಯಿತು. ಸೂಜಿದಾರ ಹೋಯಿತು. ಚಪ್ಪಲಿ ಹೋಯಿತು, ಕಂಬಳಿ ಹೋಯಿತು. ಹೊಳೆಯುವಂಥದ್ದು ಉಳಿಯಿತು, ಘಮಘಮಿಸುವಂಥದ್ದು ಉಳಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಾದೆ ಕಟ್ಟಿದವನು ಈ ಊರು ನೋಡಿಯೇ ಕಟ್ಟಿರಬೇಕು.

ವ್ಯಾಪಾರಿಯ ಅಳಿಯನೂ ಪದ್ಯ ಕೇಳಿ ಬೆಟ್ಟ ಹತ್ತಿದವನೇ. ಹತ್ತುವ ದಿನ ಮಾವ ಅವನ ಹೆಗಲಿಗೆ ಒಂದು ಕಂಬಳಿ ಹಾಕಿದ್ದ. ಬೆಟ್ಟದ ಬಾಗಿಲಲ್ಲಿ ಉಗ್ರಾಣಿ ಅದನ್ನು ಇಳಿಸಿ, ನೀಟಾಗಿ ಮಡಚಿ, ಮಾವನ ಕೈಗೇ ಕೊಟ್ಟ. ಕೆಟ್ಟವನಲ್ಲ ಉಗ್ರಾಣಿ. ತಕ್ಕಡಿಯಂಥವನು. ತಕ್ಕಡಿಗೆ ಕಳ್ಳತನವೂ ಗೊತ್ತಿಲ್ಲ, ಕರುಣೆಯೂ ಗೊತ್ತಿಲ್ಲ.

ಒಂದು ಅಮಾವಾಸ್ಯೆ, ಕತ್ತಿ ಬಿಚ್ಚಿ ನೋಡಿ, ಮತ್ತೆ ಸುತ್ತಿ ಮನೆಮನೆಗೆ ಮುಟ್ಟಿಸುವ ಸರದಿ ಉಣ್ಣೆಯವರ ಬೀದಿಗೆ ಬಂತು. ವ್ಯಾಪಾರಿ ಬೀದಿಗೆ ಹಿರಿಯ. ಬಿಚ್ಚುವ ಕೈ ಅವನದು. ಏಳು ಕತ್ತಿ ಬಂದಿದ್ದವು. ಕೆಂಪು ಬಟ್ಟೆ ಸರಿಸಿ, ಉಣ್ಣೆ ನೋಡುವ ಹಾಗೆ ಹೆಬ್ಬೆರಳನ್ನು ಅಲಗಿನ ಮೇಲೆ ಎಳೆದ. ಬೇಕೆಂದು ಮಾಡಿದ್ದಲ್ಲ, ನಲವತ್ತು ವರ್ಷ ಸರಕು ಮುಟ್ಟಿದ ಬೆರಳು ತಾನೇ ಹೋಯಿತು. ಬೆರಳಿಗೆ ಎಣ್ಣೆ ಹತ್ತಿತು. ಮಗ ಹೊರಡುವಾಗ ತಾಯಿ ತನ್ನ ಕೈಯಿಂದ ಕತ್ತಿಗೆ ಕುಸುಬೆ ಎಣ್ಣೆ ಸವರಿ ಕಳಿಸುವುದು ಆ ಊರಿನ ಪದ್ಧತಿ. ಆ ಎಣ್ಣೆ ಹಾಗೇ ಇತ್ತು. ಅಲಗಿನ ಬಾಯಲ್ಲಿ ಒಂದು ಮುಕ್ಕಿಲ್ಲ, ಗೀರಿಲ್ಲ. ಎರಡನೆಯದೂ ಹಾಗೇ. ಏಳೂ ಹಾಗೇ.

“ಇದು ಬಳಸದ ಸರಕು,” ಎಂದ, ಬಂಡಿಯವನಿಗೆ ಮಾತ್ರ ಕೇಳುವಂತೆ.

ಬಂಡಿಯವ ಎತ್ತಿನ ಕೊರಳಿನ ಗಂಗೆದೊಗಲು ತುರಿಸುತ್ತ ನಿಂತ. “ಕೇಳಿದಿರಿ ಅಂತ ಹೇಳ್ತೀನಿ ಸಾವ್ಕಾರ್ರೆ. ಅಲ್ಲಿ ಹೊಡೆದಾಟ ಇಲ್ಲ. ಇತ್ತಂತೆ, ಯಾವಾಗಲೋ. ಈಗ ಬರೀ ಗಾಳಿ. ಬೆಳಗಾದರೆ ಇಬ್ಬರು ಏಳೋದಿಲ್ಲ, ಮೂವರು ಏಳೋದಿಲ್ಲ. ಹೂಮಾಲೆ ಒಣಗಿಸಿ ಸುಟ್ಟು ಕೈ ಕಾಯಿಸ್ಕೊಳ್ತಾರೆ. ಹುಲ್ಲೊಂದಿದೆ ಅಂತ ಜೀವ ಹಿಡ್ಕೊಂಡಿದ್ದಾರೆ. ಅದರೊಳಗೆ ತೂರಿಕೊಂಡು ಮಲಗ್ತಾರೆ.”

“ಆಚೆ ಮಗ್ಗುಲವರು?”

“ಅವರೂ ಹಾಗೇ. ಅವರ ಹೂವು ಬೇರೆ, ಹೊಗೆ ಒಂದೇ.”

“ನಮ್ಮ ಅಳಿಯ?”

“ಇದ್ದಾರೆ. ಹಗ್ಗ ಬಿಡೋವಾಗ ಮೇಲಿಂದ ಕೂಗಿ ಮಾತಾಡಿಸಿದ್ರು. ಎರಡು ಕಾಲ್ಬೆರಳು ಕಪ್ಪಾಗಿದೆಯಂತೆ.”

“ಇಳಿದು ಬರೋಕೆ ಮನಸ್ಸಿಲ್ಲವಂತೋ ಅವನಿಗೆ?”

“ಮನಸ್ಸಿದೆ. ಕಾಲಿಲ್ಲ. ಆ ಕಲ್ಲಿನ ಮೇಲೆ ಬರಿಗಾಲಲ್ಲಿ ಹತ್ತಬಹುದು ಸಾವ್ಕಾರ್ರೆ, ಇಳಿಯೋಕಾಗಲ್ಲ. ಹತ್ತೋವಾಗ ಕಿವೀಲಿ ಹಾಡಿರುತ್ತೆ.”

ಮನೆಗೆ ಬಂದಾಗ ಮಗಳು ಮಗ್ಗಕ್ಕೆ ಹಾಸಿದ ಎಳೆಗಳಿಗೆ ಹುಣಸೆ ಬೀಜದ ಗಂಜಿ ಸವರುತ್ತಿದ್ದಳು. ಎಳೆ ಆ ಗಂಜಿ ಕುಡಿದರೆ ಕಂಬಳಿಯೊಳಗೆ ಗಾಳಿ ನುಗ್ಗುವುದಿಲ್ಲ, ಮಂಜು ಇಳಿಯುವುದಿಲ್ಲ. ಅಪ್ಪ ಕಂಡದ್ದನ್ನೂ ಕೇಳಿದ್ದನ್ನೂ ಬಚ್ಚಿಡದೆ ಹೇಳಿದ. ಕೆಟ್ಟ ಸುದ್ದಿ ಕೆಟ್ಟ ಬೆಣ್ಣೆಯ ಹಾಗೆ; ಇಟ್ಟಷ್ಟೂ ನಾತ. ಮಗಳು ಕುಂಚ ಕೆಳಗಿಡಲಿಲ್ಲ.

“ಕಪ್ಪಾದ್ದು ಎರಡೇ ಬೆರಳು ತಾನೇ ಅಪ್ಪಾ?”

“ಎರಡೇ.”

“ಚಳಿಗಾಲ ಇನ್ನೂ ಹುಟ್ಟಿಲ್ಲ.” ಒಂದು ಎಳೆ ಉದ್ದಕ್ಕೂ ಗಂಜಿ ಎಳೆದಳು. “ಊರಿಗೆಲ್ಲ ಕಂಬಳಿ ಮಾರ್ತೀಯ. ಪದ್ಯಕ್ಕೆ ಒಂದು ಕಂಬಳಿ ಮಾರೋಕೆ ಬರೋದಿಲ್ಲವಾ ನಿನಗೆ?”

ಅವನು ಕವಿಯ ಮನೆಗೆ ಹೋದ. ಕವಿ ಜಗುಲಿಯ ಬಿಸಿಲಿನಲ್ಲಿ ಕೂತು ಓಲೆ ಬರೆಯುತ್ತಿದ್ದ. ಹಸನಾದ ಮುಖ, ಇಂಪಾದ ದನಿ. ಮಂಡಿಗೆ ವಾತ, ಮಂಡಿಯ ಮೇಲೆ ಒಂದು ಕಂಬಳಿ. ಅದು ತನ್ನ ಅಂಗಡಿಯದೇ ಎಂದು ವ್ಯಾಪಾರಿ ಅಂಚು ನೋಡಿಯೇ ಗುರುತು ಹಿಡಿದ.

“ಬನ್ನಿ ಬನ್ನಿ. ಈ ಕಂಬಳಿ ನನ್ನ ಪ್ರಾಣ ಉಳಿಸಿತು ನೋಡಿ,” ಎಂದ ಕವಿ.

“ಅದೇ ವಿಷಯಕ್ಕೆ ಬಂದೆ ಸ್ವಾಮಿ. ಪದ್ಯದಲ್ಲಿ ಕಂಬಳಿ ಅಂತ ಒಂದು ಮಾತು ಬರಲಿ.”

ಕವಿ ನಕ್ಕ. ಆಮೇಲೆ, ಇವನು ನಗಲಿಲ್ಲವೆಂದು ನೋಡಿ, ನಗು ನಿಲ್ಲಿಸಿದ. “ಕಂಬಳಿ ಅಂದ ಕೂಡಲೇ ವೀರ ಕುರಿ ಕಾಯೋನಾಗಿಬಿಡ್ತಾನಲ್ಲ ಮಾರಾಯರೇ.”

“ಕುರಿ ಕಾಯೋನು ಬೆಳಗ್ಗೆ ಎದ್ದು ಮನೆಗೆ ಬರ್ತಾನೆ.”

“ನೀವು ಕೇಳ್ತಿರೋದು ಸಣ್ಣದಲ್ಲ. ಚಳಿ ಆಗೋ ವೀರನನ್ನ ಯಾರು ಹಾಡ್ತಾರೆ? ನನ್ನ ಪದ್ಯದಲ್ಲಿ ಒಬ್ಬ ನಡುಗಿದರೆ, ಮುಂದಿನ ಹುಣ್ಣಿಮೆಗೆ ಬೆಟ್ಟ ಹತ್ತೋಕೆ ಯಾರು ಬರ್ತಾರೆ? ಹೋಗಲಿ, ಅದನ್ನೂ ಬಿಡಿ. ಕತ್ತಿ ಬಂದ ಮನೆಯ ತಾಯಿಗೆ ಉಳಿಯೋದು ಆ ಒಂದು ಸಾಲು. ಸಿಂಹದ ಹಾಗೆ ಬಿದ್ದ ಅಂತ ನಾನು ಅಂದ ಮೇಲೆ ಆಕೆ ರಾತ್ರಿ ನಿದ್ದೆ ಮಾಡ್ತಾಳೆ. ಅದನ್ನೂ ಕಿತ್ಕೊಳ್ಳಲಾ?”

 ಕವಿ ಸುಳ್ಳನಲ್ಲ, ತನ್ನ ಸರಕನ್ನು ನಂಬಿ ಮಾರುವವನು. ಅಂಥವನ ಹತ್ತಿರ ಚೌಕಾಸಿ ಕಷ್ಟ. ಹಾಗಾಗಿ ವ್ಯಾಪಾರಿ ಸುಮ್ಮನೆ ಕೂತ. ಬಿಸಿಲು ಜಗುಲಿಯಿಂದ ಇಳಿದು ಅಂಗಳಕ್ಕೆ ಹೋಗುವವರೆಗೆ ಕೂತ. ಎದ್ದು ಹೋಗದ ಗಿರಾಕಿಗೆ ಅಂಗಡಿಯವನು ಕೊನೆಗೆ ಏನಾದರೂ ಕೊಟ್ಟೇ ಕೊಡುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು.

“ಆಯಿತು,” ಎಂದ ಕವಿ. “ಒಂದು ಮಾತು. ಕಂಬಳಿ ಬರುತ್ತೆ. ಹೇಗೆ ಅಂತ ಕೇಳಬೇಡಿ.”

ವ್ಯಾಪಾರಿ ಕೇಳಲಿಲ್ಲ. ಖುಷಿಯಿಂದ ಮನೆಗೆ ಹೋದ. ಜೀವಮಾನದಲ್ಲಿ ಮೂಟೆ ಬಿಚ್ಚಿ ನೋಡದೆ ಅವನು ಕೊಂಡ ಸರಕು ಅದೊಂದೇ.

ಹುಣ್ಣಿಮೆ ಬಂತು. ಅಂಗಡಿಯ ಕಂಬಳಿಗಳನ್ನೆಲ್ಲ ಹೊರೆ ಕಟ್ಟಿಸಿ ಬಯಲಿನ ಅಂಚಿನಲ್ಲಿ ಇಡಿಸಿದ್ದ. ಕವಿ ಕಟ್ಟೆ ಹತ್ತಿದ. ಕತ್ತಿ ಬಂತು, ಕತ್ತಿ ಏರಿತು. ಬಾವುಟ ಬಂತು, ಬಾವುಟ ಏರಿತು. ಹುಲಿಯ ಸಾಲಿನ ಹತ್ತಿರ ಬಂದಾಗ ಕವಿ ಕಣ್ಣು ಮುಚ್ಚಿ, ದನಿ ಇಳಿಸಿ, ಹೊಸದಾಗಿ ಹಾಡಿದ:

“ಹಿಮವೇ ಹಾಸಿಗೆ ಹುಲಿಗೆ, ಮಂಜೇ ಕಂಬಳಿ.”

ಬಯಲು ಒಮ್ಮೆ ಉಸಿರು ಬಿಗಿಹಿಡಿದು ಆಮೇಲೆ ಭೋರೆಂದಿತು. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಗಂಡಸರು ಪಕ್ಕದವನ ಭುಜ ಹಿಡಿದುಕೊಂಡರು. ಅಷ್ಟು ಚೆಂದದ ಸಾಲು ಆ ಕಟ್ಟೆಯ ಮೇಲೆ ಹುಟ್ಟಿರಲಿಲ್ಲ. ಆ ಬೆಳಗ್ಗೆ ಹದಿನಾಲ್ಕು ಮಂದಿ ಬೆಟ್ಟ ಹತ್ತಲು ಮುಂದೆ ಬಂದರು.

ವ್ಯಾಪಾರಿ ಉಗ್ರಾಣಿಯ ಹತ್ತಿರ ಓಡಿದ. “ಕಂಬಳಿ ಅಂತ ಬಂತಲ್ಲ ಉಗ್ರಾಣಿಗಳೇ!”

“ಬಂತು. ಮಂಜೇ ಕಂಬಳಿ ಅಂತ ಬಂತು. ಮಂಜು ಅಲ್ಲೇ ಬೇಕಾದಷ್ಟಿದೆ, ಇಲ್ಲಿಂದ ಕಳಿಸೋದೇನು?” ಎಂದ ಉಗ್ರಾಣಿ. ಆಮೇಲೆ ಆಳುಗಳ ಕಡೆ ತಿರುಗಿ, “ಹುಲ್ಲು ಇಳಿಸ್ರಪ್ಪಾ. ಹಾಸಿಗೆ ಈಗ ಹಿಮದ್ದು. ಹುಲ್ಲು ಪದ್ಯದಲ್ಲಿ ಇಲ್ಲ,” ಎಂದ.

ಹುಲ್ಲಿನ ಹೊರೆಗಳು ಒಂದೊಂದಾಗಿ ಬಂಡಿಯಿಂದ ಕೆಳಗೆ ಬಿದ್ದವು. ಬಿದ್ದ ಜಾಗದಲ್ಲಿ ವ್ಯಾಪಾರಿಯ ಕಂಬಳಿ ಹೊರೆಗಳು ಮೊದಲೇ ಇದ್ದವು. ಎರಡೂ ಪಕ್ಕಪಕ್ಕದಲ್ಲಿ ಕೂತು, ಹಗುರಾದ ಬಂಡಿ ಬೆಟ್ಟದ ಕಡೆ ಹೋಗುವುದನ್ನು ನೋಡಿದವು.

“ಏನ್ ಸಾವ್ಕಾರ್ರೆ,” ಗುಂಪಿನಲ್ಲಿ ಯಾರೋ ಕೂಗಿದರು, “ಹೆಣದ ಮೇಲೂ ಕಂಬಳಿ ಮಾರೋಣ ಅಂತಿದ್ರಾ?”

“ಹೆಣ ಆಗೋಕೆ ಮುಂಚೆ ಮಾರೋಣ ಅಂತಿದ್ದೆ,” ಎಂದ ವ್ಯಾಪಾರಿ. ಯಾರೂ ನಗಲಿಲ್ಲ, ಅವನೂ ನಗಿಸಲು ಹೇಳಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಹನ್ನೊಂದು ಕತ್ತಿ ಬಂದವು.

ಅಳಿಯನದು ಅವುಗಳಲ್ಲಿ ಇರಲಿಲ್ಲ. ಬಂಡಿಯವ ತಾನಾಗಿಯೇ ಬಂದು ಹೇಳಿದ: ಕಾಲ್ಬೆರಳು ಈಗ ನಾಲ್ಕು ಕಪ್ಪಾಗಿವೆ, ಎಲ್ಲರೂ ಬರಿ ಕಲ್ಲಿನ ಮೇಲೆ ಒಬ್ಬರ ಬೆನ್ನಿಗೊಬ್ಬರು ಆತು ಮಲಗುತ್ತಾರೆ, ಅಂಚಿನಲ್ಲಿ ಮಲಗುವ ಸರದಿ ದಿನಕ್ಕೊಬ್ಬರದು, ಅಂಚಿನವನೇ ಹೆಚ್ಚಾಗಿ ಏಳುವುದಿಲ್ಲ. “ನಿಮ್ಮ ಅಳಿಯನ ಸರದಿ ಎರಡು ಸಲ ಆಗಿದೆಯಂತೆ. ಗಟ್ಟಿ ಜೀವ.”

ಮಗಳು ಆ ದಿನ ಮಗ್ಗ ಮುಟ್ಟಲಿಲ್ಲ. “ಹುಲ್ಲಾದರೂ ಇತ್ತಲ್ಲಪ್ಪಾ,” ಎಂದಳು. ಅಷ್ಟೇ ಅಂದದ್ದು. ಅಪ್ಪನ ಮೇಲೆ ಸಿಟ್ಟು ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ವ್ಯಾಪಾರಿ ಯೋಚಿಸಿದ. ಪದ್ಯದೊಳಗೆ ಹೋಗಲು ಎರಡು ಬಾಗಿಲು. ಒಂದು ಕವಿಯದು, ಅದರಲ್ಲಿ ಹೋದ ಸಾಮಾನು ಇನ್ನೊಂದು ಸಾಮಾನಾಗಿ ಹೊರಗೆ ಬರುತ್ತದೆ. ಇನ್ನೊಂದು, ಕತ್ತಿ ಬಂದ ಮನೆಯದು. ತನ್ನ ಮನೆಗೆ ಕತ್ತಿ ಬಂದಿಲ್ಲ. ಬರಬಾರದು ಎಂದೇ ಈ ಓಡಾಟ. ಅಂದರೆ ಹನ್ನೊಂದು ಮನೆಯಲ್ಲಿ ಯಾವುದಾದರೂ ಒಂದು ಮನೆ, ಸತ್ತ ತನ್ನ ಮಗನ ಹೊಗಳಿಕೆಗೆ ಇರುವ ಒಂದೇ ಒಂದು ಸಾಲನ್ನು, ಬದುಕಿರುವ ಬೇರೆಯವರ ಮಕ್ಕಳ ಕಂಬಳಿಗೆ ಕೊಡಬೇಕು. ಇಷ್ಟು ದುಬಾರಿ ಸರಕನ್ನು ಅವನು ಯಾರ ಬಳಿಯೂ ಕೇಳಿರಲಿಲ್ಲ. ಬದಲಿಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ.

ಹತ್ತು ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಹನ್ನೊಂದನೆಯದು ಕುಂಬಾರಗಿತ್ತಿಯ ಮನೆ.

ಅವಳು ಮಡಕೆ ಸುಡುವ ಆವೆಯ ಪಕ್ಕ ಕೂತು ಸುಟ್ಟು ತೆಗೆದವನ್ನು ಗೆಣ್ಣಿನಿಂದ ಬಾರಿಸಿ ನೋಡುತ್ತಿದ್ದಳು. ಗಟ್ಟಿಯವು ಒಂದು ಕಡೆ, ಒಡಕಿನವು ಒಂದು ಕಡೆ. ಗೋಡೆಗೆ ಒರಗಿಸಿದ ಕತ್ತಿ, ಕೆಂಪು ಬಟ್ಟೆ ಸುತ್ತಿಕೊಂಡೇ ಇತ್ತು.

“ಬಾರಪ್ಪಾ ಸಾವ್ಕಾರ. ನಿನ್ನ ಸುದ್ದಿ ನಿನಗಿಂತ ಮೊದಲು ಬಂತು. ನನ್ನ ಸಾಲು ಬೇಕಂತೆ ನಿನಗೆ.”

“ಹೌದು ತಾಯಿ.”

“ನಿನಗೇನು ಲಾಭ?”

“ಎರಡು ಲಾಭ. ನನ್ನ ಕಂಬಳಿ ಖರ್ಚಾಗುತ್ತೆ. ನನ್ನ ಅಳಿಯ ಉಳೀತಾನೆ. ಸುಳ್ಳು ಹೇಳೋ ಮುಖ ನನಗಿಲ್ಲ.”

“ನನಗೆ?”

“ನಿನಗೆ ಏನೂ ಇಲ್ಲ.”

ಅವಳು ಒಂದು ಮಡಕೆ ಬಾರಿಸಿದಳು. ಟಣ್ ಎಂದಿತು. ಗಟ್ಟಿಯ ಕಡೆಗಿಟ್ಟಳು. “ನನ್ನ ಮಗ ಹೇಗೆ ಹೋದ ಅಂತ ಕವಿಗಳು ನಾಳಿದ್ದು ಹಾಡ್ತಾರೆ. ನೂರು ಜನರ ನಡುವೆ ನುಗ್ಗಿದ ಅಂತ ಹಾಡ್ತಾರಂತೆ. ಅದನ್ನ ನಿನಗೆ ಯಾಕೆ ಕೊಡಲಿ?”

ವ್ಯಾಪಾರಿ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. “ಕತ್ತಿ ಬಿಚ್ಚಿ ನೋಡು ತಾಯಿ,” ಎಂದ.

 ಅವಳು ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಕತ್ತಿಯನ್ನು ಮಡಿಲಲ್ಲಿ ಮಲಗಿಸಿ ಬಟ್ಟೆ ಬಿಚ್ಚಿದಳು. ಅಲಗಿನ ಮೇಲೆ ಕುಸುಬೆ ಎಣ್ಣೆಯ ಪದರ. ಹಿಡಿಯಿಂದ ಒಂದು ಗೇಣು ಕೆಳಗೆ, ಆ ಎಣ್ಣೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಗುರುತಿನ ಗೆರೆಗೆರೆಯಲ್ಲೂ ಕೆಮ್ಮಣ್ಣು. ಊರಿನಲ್ಲಿ ಕೆಮ್ಮಣ್ಣು ಹತ್ತಿದ ಹೆಬ್ಬೆಟ್ಟು ಇದ್ದದ್ದು ಒಬ್ಬಳಿಗೆ. ಅವಳು ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟಳು. ಸರಿಯಾಗಿ ಕೂತಿತು.

“ಅವನು ಇದನ್ನ ಒಂದು ಸಲವೂ ಬೀಸಿಲ್ಲ,” ಎಂದಳು.

“ಇಲ್ಲ.”

“ಮತ್ತೆ ಹೇಗೆ ಹೋದ?”

“ಚಳಿಗೆ. ಇನ್ನೂ ಒಂದು ಮಾತಿದೆ, ಅದನ್ನೂ ಕೇಳು. ಮೊದಲು ಮಲಗೋಕೆ ಹುಲ್ಲಿರ್ತಿತ್ತು. ಕಂಬಳಿ ಸೇರಿಸಿ ಅಂತ ಕವಿಗಳ ಹತ್ತಿರ ಹೋದವನು ನಾನು. ಅವರು ಸೇರಿಸಿದ ಚೆಂದಕ್ಕೆ ಹುಲ್ಲೂ ತಪ್ಪಿತು. ನಿನ್ನ ಮಗ ಮಲಗಿದ್ದ ಹುಲ್ಲು ತಪ್ಪಿಸಿದವನು ನಾನೇ.”

ಆವೆಯಲ್ಲಿ ಏನೋ ಒಂದು ಚಟ್ಟೆಂದಿತು. ಅವಳು ಕತ್ತಿಗೆ ಮತ್ತೆ ಬಟ್ಟೆ ಸುತ್ತಿದಳು. ಕೂಸಿಗೆ ಸುತ್ತುವಷ್ಟು ನಿಧಾನವಾಗಿ. ಗೋಡೆಗೆ ಒರಗಿಸಿ ಬಂದು ಇನ್ನೊಂದು ಮಡಕೆ ಎತ್ತಿಕೊಂಡು ಬಾರಿಸಿದಳು. ಸದ್ದು ಬಿರಿದು ಬಂತು. ಒಡಕಿನ ಕಡೆಗಿಟ್ಟಳು.

“ಆ ಹಾಡು ಕೇಳಿದಾಗಲೆಲ್ಲ ನನಗೆ ಇದೇ ಸದ್ದು ಕೇಳ್ತಿತ್ತು,” ಎಂದಳು. “ನನ್ನ ಕಿವಿ ಸರಿಯಿಲ್ಲ ಅಂದ್ಕೊಂಡಿದ್ದೆ.”

ಅವಳು ಒಡಕು ಮಡಕೆಯನ್ನು ಇನ್ನೂ ಆಚೆಗೆ ಸರಿಸಿದಳು.

“ನಿನ್ನ ಸಾಲು ಏನು?”

“ಹೋಲಿಕೆ ಒಂದೂ ಬೇಡ ತಾಯಿ. ಹಾಗೆ, ಹೀಗೆ, ಅದೇ, ಇದೇ, ಏನೂ ಬೇಡ. ಗಿರಾಕಿ ಅಂಗಡೀಲಿ ಕೇಳ್ತಾನಲ್ಲ, ಹಾಗೆ. ಯಾವ ಉಣ್ಣೆ, ಎಷ್ಟು ಉದ್ದ, ಯಾವ ಗಂಜಿ, ಎಷ್ಟು ಬೇಕು. ಬೇರೆ ಅರ್ಥಕ್ಕೆ ಒಂದು ಬಿರುಕೂ ಬಿಡಬಾರದು.” ಸಾಲು ಹೇಳಿಕೊಟ್ಟ.

ಅವಳು ಅದನ್ನು ತಿರುಗಿ ಹೇಳಲಿಲ್ಲ. ಕೊಡುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. “ಈಗ ಹೋಗು,” ಎಂದಳು. “ನಿನ್ನ ಮುಖ ನೋಡ್ತಾ ಕೂರೋಕೆ ನನ್ನಿಂದ ಆಗಲ್ಲ.”

ಹುಣ್ಣಿಮೆಯ ಬೆಳಗ್ಗೆ ವ್ಯಾಪಾರಿ ಮತ್ತೆ ಕಂಬಳಿ ಹೊರೆಗಳನ್ನು ಬಯಲಿಗೆ ತಂದಿಡಿಸಿದ. ಜನ ನೋಡಿ ನಕ್ಕರು.  ಮಗಳು ಹೊರೆಯ ಮೇಲೆ ಕೂತಿದ್ದಳು. ಕವಿ ಹಾಡಿದ, ಹಿಮದ ಹಾಸಿಗೆಗೆ ಬಯಲು ಮತ್ತೆ ಕಣ್ಣು ಒರೆಸಿಕೊಂಡಿತು. ಆಮೇಲೆ ಕತ್ತಿ ಬಂದ ಮನೆಗಳನ್ನು ಒಂದೊಂದಾಗಿ ಕರೆದರು. “ನೀವೇ ಹೇಳಿ ಸ್ವಾಮಿ.” “ನೀವೇ ಹೇಳಿ.” ಹತ್ತು ಸಲ ಅದೇ ಮಾತು. ಹತ್ತು ಸಲ ಸಿಂಹ, ಸಿಡಿಲು.

ಹನ್ನೊಂದನೆಯ ಸಲ ಕುಂಬಾರಗಿತ್ತಿ ಎದ್ದಳು. ಕವಿ ಬಾಯಿ ತೆರೆದಿದ್ದ. ಅವಳು ಕೈ ಎತ್ತಿ, “ತಡೀರಿ ಸ್ವಾಮಿ. ನನ್ನದು ನಾನೇ ಹೇಳ್ತೀನಿ,” ಎಂದಳು.

ಅಂಥದ್ದು ಯಾರ ನೆನಪಿನಲ್ಲೂ ನಡೆದಿರಲಿಲ್ಲ.  ಅವಳಿಗೆ ಹಾಡುವ ದನಿ ಇರಲಿಲ್ಲ. ಸಂತೆಯಲ್ಲಿ ಮಡಕೆ ಕೂಗುವ ದನಿಯಲ್ಲೇ ಹೇಳಿದಳು:

“ಕರಿಕುರಿಯ ಉಣ್ಣೆಯ ಕಂಬಳಿ. ಆರು ಮೊಳ ಉದ್ದ. ಹುಣಸೆ ಬೀಜದ ಗಂಜಿ ಹಾಕಿದ್ದು. ತಲೆಗೊಂದು.”

ವ್ಯಾಪಾರಿ ಕಲಿಸಿದ್ದು ಅಷ್ಟೇ. ಅವಳು ಕೂರಲಿಲ್ಲ. ಒಂದು ಉಸಿರು ಎಳೆದುಕೊಂಡು ಇನ್ನೊಂದು ಮಾತು ಸೇರಿಸಿದಳು.

“ನನ್ನ ಮಗನಿಗೆ ಇರಲಿಲ್ಲ.”

ಯಾರೂ ಭೋರೆನ್ನಲಿಲ್ಲ. ಅಳುವ ಹೆಂಗಸರು ಅಳುವುದನ್ನು ಮರೆತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಗ್ರಾಣಿ ಮಾತ್ರ ಮುಚ್ಚಿದ ಕಣ್ಣು ತೆರೆದು ಹತ್ತಿರ ಬಂದ. ಹಿಂದೆ ಎಷ್ಟೋ ಸಲ ಮೋಸ ಹೋದವನ ಎಚ್ಚರ ಅವನ ಮುಖದಲ್ಲಿತ್ತು.

“ಕರಿಕುರಿ ಅಂದರೆ, ಮೋಡವಾ?”

“ಕುರಿ.”

“ಮ್ಯಾ ಅನ್ನೋ ಕುರಿಯೇ?”

“ಅದೇ.”

“ಆರು ಮೊಳ ಅಂದರೆ?”

ಅವಳು ಮೊಣಕೈ ಮಡಚಿ ಬೆರಳು ಚಾಚಿ ತೋರಿಸಿದಳು. “ಇಂಥದ್ದು ಆರು.”

ಉಗ್ರಾಣಿ ದೀರ್ಘವಾಗಿ ಉಸಿರು ಬಿಟ್ಟ. ಆ ಉಸಿರಿನಲ್ಲಿ ಏನಿತ್ತೋ. ತಕ್ಕಡಿಗೂ ಒಮ್ಮೊಮ್ಮೆ ಸರಿಯಾದ ತೂಕದ ಆಸೆ ಇರುತ್ತದೆ. “ಹೇರ್ರಪ್ಪಾ,” ಎಂದ.

ಹೊರೆಗಳು ಏರಿದವು. ಉಗ್ರಾಣಿ ಒಂದೊಂದನ್ನೂ ಮುಟ್ಟಿ, ಮೂಸಿ, ಉದ್ದ ನೋಡಿ ಏರಿಸಿದ. ಕೊನೆಗೆ, “ತಲೆಗೊಂದು ಅಂದಿದ್ದಾಳೆ. ಒಂದು ಕಡಿಮೆ ಬಿತ್ತು. ಕಡಿಮೆ ಇದ್ದರೆ ಬಂಡಿ ಹೊರಡೋ ಹಾಗಿಲ್ಲ,” ಎಂದ. ವ್ಯಾಪಾರಿಯ ಅಂಗಡಿ ಖಾಲಿಯಾಗಿತ್ತು. ಮಗ್ಗದ ಮೇಲಿದ್ದದ್ದು ಅರ್ಧ ನೆಯ್ದದ್ದು. ಎಲ್ಲರೂ ನೆಲ ನೋಡುತ್ತಿರುವಾಗ ಕವಿ ಕಟ್ಟೆಯಿಂದ ಇಳಿದು, ಕುಂಟುತ್ತ ಮನೆಗೆ ಹೋಗಿ, ಕಂಕುಳಲ್ಲಿ ತನ್ನ ಕಂಬಳಿ ಇಟ್ಟುಕೊಂಡು ಬಂದ. ಬಂಡಿಯ ಮೇಲೆ ಎಸೆದು ವ್ಯಾಪಾರಿಯ ಪಕ್ಕ ನಿಂತ.

“ಆ ಸಾಲು ಯಾವ ಛಂದಸ್ಸಿಗೂ ಕೂರೋದಿಲ್ಲ,” ಎಂದ.

“ಬಂಡಿಯಲ್ಲಿ ಚೆನ್ನಾಗಿ ಕೂತಿದೆ ಸ್ವಾಮಿ,” ಎಂದ ವ್ಯಾಪಾರಿ.

ಆ ದಿನ ಬೆಟ್ಟ ಹತ್ತಲು ಮುಂದೆ ಬಂದವರು ಇಬ್ಬರೇ. ಆ ಇಬ್ಬರೂ ಬೆಟ್ಟದ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲು ನಿಂತು ತಮ್ಮ ಕಾಲು ನೋಡಿಕೊಂಡರು. ನೋಡಿಕೊಂಡು, ಚಪ್ಪಲಿ ಮೆಟ್ಟಿಯೇ ಮನೆಗೆ ಹೋದರು.

ಕುಂಬಾರಗಿತ್ತಿಯ ಮಗನ ಕತ್ತಿ ಗೋಡೆ ಏರಿತು. ಅದರ ಕೆಳಗೆ ಕಲ್ಲುಕುಟಿಗ ಕಂಬಳಿಯ ಅಳತೆ ಕೆತ್ತಿದ. ಪರವೂರಿನವರು ಈಗಲೂ ಅದನ್ನು ಓದಿ, ಇದ್ಯಾವ ಅಂಗಡಿಯ ಫಲಕ ಇಲ್ಲಿಗೆ ಬಂದು ಸೇರಿತು ಎಂದು ಕೇಳುವುದುಂಟು. ಕೊನೆಯ ಮಾತು ಓದಿದವರು ಕೇಳುವುದಿಲ್ಲ.

ಮುಂದಿನ ಅಮಾವಾಸ್ಯೆಗೆ ಬಂಡಿ ಬಂತು. ಬಂಡಿಯವ ದೂರದಿಂದಲೇ ಒಂದು ಬೆರಳು ಎತ್ತಿ ತೋರಿಸಿದ. ಒಂದೇ ಕತ್ತಿ. ಅಳಿಯನದಲ್ಲ.

“ಅಂಚಿನಲ್ಲಿ ಮಲಗೋ ಸರದಿ ನಿಂತುಹೋಗಿದೆ,” ಎಂದ. “ಸಂಜೆಯಾದರೆ ವೀರರ ಪದ್ಯ ಬಿಟ್ಟು ಕುಂಬಾರವ್ವನ ಸಾಲು ಹೇಳ್ಕೊಂಡು ನಗ್ತಾರೆ. ಆಚೆಯವರಿಗೂ ಕೇಳಿಸಿದೆ. ಮೊನ್ನೆ ಆ ಕಡೆಯಿಂದ ಒಬ್ಬ ಕೂಗಿ ಕೇಳಿದನಂತೆ, ಆರು ಮೊಳವೋ, ಏಳು ಮೊಳವೋ ಅಂತ. ಅವರ ಊರಿಗೆ ಹೇಳಿ ಕಳಿಸ್ತಾರಂತೆ.”

ಮಗಳು ಮಗ್ಗದಿಂದ ಎದ್ದು ಬಂದಿದ್ದಳು. “ಕಾಲು ಹೇಗಿದೆಯಂತೆ?”

“ನಾಲ್ಕು ಬೆರಳು ಹೋದವು ತಾಯಿ. ಉಳಿದ ಆರು ಕೆಂಪಗಿವೆ. ನಡೀಬಹುದು ಅಂದ್ರು.”

“ನಡೀಬಹುದು,” ಎಂದಳು ಮಗಳು. ಅಪ್ಪನ ಕಡೆ ನೋಡಿದಳು. “ಕಂಬಳಿ ಹೊದ್ದು ಅಲ್ಲೇ ಬೆಚ್ಚಗೆ ಕೂತಿರಲಿ ಅಂತ ತಾನೇ ಅಪ್ಪಾ ನಾವು ಇಷ್ಟು ಮಾಡಿದ್ದು?”

 ಆ ಒಂದು ಕತ್ತಿ ಹೋದ ಮನೆ ಯಾವುದು ಎಂದು ವ್ಯಾಪಾರಿ ಬಂಡಿಯವನನ್ನು ಕೇಳಿದ. ಗಾಣಿಗರ ಬೀದಿ, ಕೊನೆಯ ಮನೆ. ಮಾರನೆಯ ಬೆಳಗ್ಗೆ ಬಿಸಿಲೇರುವ ಮೊದಲೇ ಹೊರಟ. ಗಾಣಿಗ ಬಾಗಿಲು ತೆರೆದು ಹೊಸಿಲಿನ ಮೇಲೇ ನಿಂತ. ಅತ್ತು ಅತ್ತು ಬಾಡಿದ ಮುಖ. ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಏನ್ ಸಾವ್ಕಾರ್ರೆ. ಕಂಬಳಿ ಮಾರಿ ಆಯಿತಲ್ಲ. ಇನ್ನೇನು ಮಾರೋಕೆ ಬಂದಿರಿ?”

“ಮಾರೋಕಲ್ಲ, ನಿಮ್ಮ ಸಾಲು ಕೇಳೋಕೆ ಬಂದೆ. ಈ ಸಲದ ಸರಕು ನಾನು ಮಾರೋದಲ್ಲ,” ಎಂದ ವ್ಯಾಪಾರಿ. ತನ್ನ ಮೆಟ್ಟು ಬಿಚ್ಚಿ ಹೊಸಿಲ ಹೊರಗೆ ಬಿಟ್ಟು, ಬೆಟ್ಟದ ಕಡೆ ಒಮ್ಮೆ ನೋಡಿದ. “ಚಪ್ಪಲಿ. ತಲೆಗೊಂದು ಜೊತೆ.”